ಬದುಕಿದ್ದವಳಿಗೆ ಇಟ್ಟ ಎಡೆ

ಮೊನ್ನೆ ಕೌಲಾಲಂಪುರದ ಬಾಂಗ್ಸಾರ್‌ನಲ್ಲಿ ಮಗಳ ಮನೆಗೆ ಹೋಗುವಾಗ ಲಿಫ್ಟಿನಲ್ಲಿ ಒಬ್ಬಳು ಮುಚ್ಚಳ ಸರಿಯಾಗಿ ಕೂರದ ಡಬ್ಬಿ ಹಿಡಿದು ನಿಂತಿದ್ದಳು. ಹುಳಿ ಬಂದ ಕೋಸು, ಬೆಳ್ಳುಳ್ಳಿ, ಶುಂಠಿ, ಮೀನಿನ ಉಪ್ಪುನೀರು ಎಲ್ಲ ಸೇರಿದ ಆ ವಾಸನೆ ಲಿಫ್ಟು ತುಂಬ ಹರಡಿತ್ತು. ನಾನು ಇಳಿಯಬೇಕಾದ ಮಹಡಿ ಬಂದರೂ ಇಳಿಯಲಿಲ್ಲ. ಅವಳು ಇಳಿದು ಹೋದ ಮೇಲೂ ತುದಿಯ ತನಕ ಹೋಗಿ, ಅದೇ ವಾಸನೆಯಲ್ಲಿ ಮತ್ತೆ ಕೆಳಗೆ ಬಂದೆ. ಬಾಗಿಲು ತೆಗೆದ ವೀಣಾ, "ಎಂತ ಅಪ್ಪಾ, ಮುಖ ಹೀಗ್ಯಾಕೆ? ಬಿಪಿ ಮಾತ್ರೆ ತಕೊಂಡ್ರಾ?" ಎಂದಳು. ತಕೊಂಡಿದ್ದೇನೆ ಎಂದೆ. ಅದು ಮಾತ್ರೆಗೆ ಹೋಗುವಂಥದ್ದಾಗಿರಲಿಲ್ಲ.

ನಾನು ಕಾಸರಗೋಡಿನ ಕಡೆಯವನು. ಕನ್ನಡ ಶಾಲೆಯಲ್ಲಿ ಹತ್ತನೆಯ ಕ್ಲಾಸು ಮುಗಿಸಿ, ಮುಂದೆ ಓದಿಸುವವರಿಲ್ಲದೆ, ಚಿಕ್ಕಪ್ಪನ ಜೊತೆ ಮದುವೆ, ತಿಥಿಗಳ ಅಡುಗೆಗೆ ಹೋಗಿ ಕೈ ಪಳಗಿಸಿಕೊಂಡವನು. ನಡುವಯಸ್ಸಿನಲ್ಲಿ ಮಲೇಷ್ಯಾಕ್ಕೆ ಬಂದು ತಮಿಳರ ಹೋಟೆಲಿನಲ್ಲಿ ದುಡಿದು, ಕೊನೆಗೆ ಪೆಟಾಲಿಂಗ್ ಜಯಾದ ಒಂದು ಫುಡ್ ಕೋರ್ಟಿನಲ್ಲಿ ಸ್ವಂತ ದೋಸೆ ಅಂಗಡಿ ಇಟ್ಟೆ. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ವೀಣಾಳಿಗೆ ಮದುವೆಯಾಗಿ ಅವಳ ಸಂಸಾರ ಅವಳಿಗಾಗಿತ್ತು.

ನನ್ನ ಪಕ್ಕದ ಅಂಗಡಿ ಸೂನ್‌ಜಾ ಅವರದು. ದಕ್ಷಿಣ ಕೊರಿಯಾದವರು, ವಿಧವೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮಗ ಸೈಬರ್‌ಜಯಾದಲ್ಲಿ ಅವರ ದೇಶದ್ದೇ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಅವರು ದುಡಿಯಲೇಬೇಕೆಂದಿರಲಿಲ್ಲ. ಮನೆಯಲ್ಲಿ ಎಸಿ ಹಾಕಿಕೊಂಡು ಗೋಡೆ ನೋಡುತ್ತಾ ಕೂರಲಾರೆ ಎಂದು ಅನ್ನ, ಸಾರು, ಕಿಮ್ಚಿ ಮಾರುತ್ತಿದ್ದರು. ಕಿಮ್ಚಿ ಎಂದರೆ ಕೋಸನ್ನು ಹುಳಿಬರಿಸಿ ಮಾಡುವ ಅವರ ಉಪ್ಪಿನಕಾಯಿ; ಲಿಫ್ಟಿನ ಆ ವಾಸನೆ ಅದರದೇ. ಅದಿಲ್ಲದೆ ಅವರಿಗೆ ಅನ್ನ ಇಳಿಯುವುದಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಮುರುಕು ಇಂಗ್ಲಿಷು, ಚೂರುಪಾರು ಮಲಯ, ಮಾತಿನ ಕೊನೆಗೆ ಇಲ್ಲಿಯವರ ಹಾಗೆ ಒಂದು 'ಲಾ'. ಭಟ್ಟನಾದ ನನ್ನನ್ನು ಅವರು 'ಬಟ್' ಎನ್ನುತ್ತಿದ್ದರು. ತಮ್ಮನಾದವನು ಅಕ್ಕನನ್ನು ಕರೆಯುವುದು 'ನೂನಾ' ಎಂದು ಅವರೇ ನನಗೆ ಕಲಿಸಿದರು. ಅಂದಿನಿಂದ ಆ ಫುಡ್ ಕೋರ್ಟಿನಲ್ಲಿ ಅವರನ್ನು ನೂನಾ ಎನ್ನುವವನು ನಾನೊಬ್ಬನೇ. ಅದು ನನಗೆ ಎಷ್ಟು ದೊಡ್ಡ ಆಸ್ತಿಯಾಗಿತ್ತು ಎಂದು ಆಗ ತಿಳಿದಿರಲಿಲ್ಲ.

ವರ್ಷದ ಕೊನೆಯ ಮಳೆ ಶುರುವಾದರೆ ನೂನಾ ಕಿಮ್ಚಿ ಹಾಕುತ್ತಿದ್ದರು. ಅವರ ಊರಿನಲ್ಲಿ ಅದು ಚಳಿ ಬೀಳುವ ಮುಂಚೆ ಮನೆಮಂದಿ, ನೆರೆಕರೆ ಸೇರಿ ಮಾಡುವ ಕೆಲಸ. ಇಲ್ಲಿ ಚಳಿ ಎಲ್ಲಿಂದ ಬರಬೇಕು, ಮಳೆಯೇ ಲೆಕ್ಕ. ಮಸಾಲೆ ಹಚ್ಚುವಾಗ ಒಂದು ಎಲೆ ಸುತ್ತಿ, ಜೊತೆಗೆ ದುಡಿಯುವವರ ಬಾಯಿಗೆ ಕೈಯಾರೆ ಇಡುವುದು ಅವರಲ್ಲಿ ಪದ್ಧತಿ. ಮೊದಲ ವರ್ಷ ನನ್ನ ಬಾಯಿಯ ಹತ್ತಿರ ತಂದಾಗ ನಾನು ಹಿಂದೆ ಸರಿದೆ. ಮೀನಿತ್ತು, ಅದೊಂದು. ಆಮೇಲೆ ಮೀನಿಲ್ಲದ್ದನ್ನು ಬೇರೆ ಮಾಡಿ ತಂದರು, ಆಗಲೂ ಸರಿದೆ. ಇನ್ನೊಬ್ಬರ ಕೈಯಿಂದ ಬಾಯಿಗೆ ಎಂದರೆ ನಾನು ಬೆಳೆದ ಅಡುಗೆಮನೆಗೆ ಒಗ್ಗದ ಮಾತು. ಅವರು ಎಲೆಯನ್ನು ತಾವೇ ತಿಂದು, "ಬಟ್ ಬಾಯಿಗೆ ಬೀಗ ಲಾ" ಎಂದು ನಕ್ಕರು. ಮತ್ತೆ ತರಲಿಲ್ಲ.

ನಾನು ಹೇಳಬೇಕೆಂದಿರುವ ವರ್ಷ ಅಂಥದೇ ಒಂದು ಮಳೆಯಲ್ಲಿ ಶುರುವಾಯಿತು. ಫುಡ್ ಕೋರ್ಟಿನ ಹಿಂದೆ ಒಬ್ಬ ಚೀನೀಯನ ತರಕಾರಿ ಮಂಡಿಯಿತ್ತು. ಕ್ಯಾಮರೂನ್ ಬೆಟ್ಟದ ಕೋಸು ಅಲ್ಲಿ ಇಳಿಯುತ್ತಿತ್ತು. ಒಂದು ಗುರುವಾರ ವ್ಯಾನಿನಲ್ಲಿ ಇಬ್ಬರು ಕೋಸು ಕೊಳ್ಳಲು ಬಂದರು; ಆಮೇಲೆ ಪ್ರತಿ ಗುರುವಾರ ಬರತೊಡಗಿದರು. ಇಬ್ಬರ ಎದೆಯ ಮೇಲೂ ಅವರ ನಾಯಕರ ಮುಖವಿದ್ದ ಕೆಂಪು ಬಿಲ್ಲೆ. ಕೌಲಾಲಂಪುರದಲ್ಲಿ ಆಗ ಉತ್ತರ ಕೊರಿಯಾದವರ ಒಂದು ಹೋಟೆಲಿತ್ತು. ಒಬ್ಬ ಅಲ್ಲಿನ ಅಡುಗೆಯವನು, ರಿ ಎಂದು ಹೆಸರು, ಐವತ್ತರ ಆಸುಪಾಸು, ಗಿಡ್ಡ, ಕೈ ಮಾತ್ರ ದೊಡ್ಡದು. ಇನ್ನೊಬ್ಬ ಚೋ, ಅವನಿಗಿಂತ ಚಿಕ್ಕವನು. ಅವನ ಕೆಲಸ ರಿಯ ಜೊತೆಗಿರುವುದು, ಅಷ್ಟೇ. ಅವರ ಮಂದಿ ಒಬ್ಬೊಬ್ಬರೇ ಹೊರಗೆ ಬರುವ ಹಾಗಿಲ್ಲ; ದಕ್ಷಿಣದವರ ಜೊತೆ ಮಾತಂತೂ ಕೂಡದು. ನೂನಾಗೂ ತಮ್ಮ ಸರ್ಕಾರದ ಹೆದರಿಕೆ ಇತ್ತು. ಉತ್ತರದವರನ್ನು ಕಂಡರೆ ಹೇಳಿ ಒಪ್ಪಿಗೆ ಪಡೆಯಬೇಕಂತೆ.

ಚೋ ನನ್ನ ದೋಸೆ ನೋಡಿ ನಿಂತ. ಒಂದು ತಿಂದ, ಇನ್ನೊಂದು ಕೇಳಿದ. ಅಷ್ಟರಲ್ಲಿ ರಿ ಹಿಂಬದಿಯ ನೀರಿನ ಕಟ್ಟೆಯ ಹತ್ತಿರ ಹೋಗಿದ್ದ. ಅಲ್ಲಿ ನೂನಾ ಕೋಸು ತೊಳೆಯುತ್ತಿದ್ದರು. ಅವರ ಮಸಾಲೆಯನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡು ಅವನು ಏನೋ ಅಂದ. ನೂನಾ ಚಾಕು ಕೆಳಗಿಟ್ಟು ಗದರಿದರು. ಜಗಳವೆಂದುಕೊಂಡು ನನಗೆ ಒಳಗೊಳಗೇ ಸಮಾಧಾನವಾಯಿತು. ನೋಡುತ್ತೇನೆ, ಇಬ್ಬರೂ ನಗುತ್ತಿದ್ದಾರೆ.

ಅವನು ಅಂದದ್ದನ್ನು ನೂನಾ ಆಮೇಲೆ ಹೇಳಿದರು: "ಇಷ್ಟು ಕಾರ ಯಾಕೆ, ದುಡ್ಡು ಜಾಸ್ತಿಯಾದರೆ ನಾಲಿಗೆ ಸಾಯ್ತದಾ ಅಂತ ಕೇಳಿದ, ಬಟ್. ಎಷ್ಟು ಸೊಕ್ಕು ನೋಡು." ಹೇಳುವಾಗ ಅವರ ಕಣ್ಣು ತುಂಬಿತ್ತು. ರಿ ಕೇಸೊಂಗ್ ಊರಿನವನಾಗಿದ್ದ. ನೂನಾ ಹುಟ್ಟಿದ್ದೂ ಅಲ್ಲೇ.

ಯುದ್ಧದಲ್ಲಿ ಅವರ ತಾಯಿ ಕೂಸಾಗಿದ್ದ ಇವರನ್ನು ಬೆನ್ನಿಗೆ ಕಟ್ಟಿಕೊಂಡು ದಕ್ಷಿಣಕ್ಕೆ ನಡೆದರಂತೆ. ದೊಡ್ಡ ಮಗಳಿಗೆ ಆರು ವರ್ಷ, ಜ್ವರ ಬೇರೆ. ಸ್ವಲ್ಪ ದಿನದಲ್ಲಿ ಬರುತ್ತೇವೆಂದು ಅಜ್ಜಿಯ ಹತ್ತಿರ ಬಿಟ್ಟರು. ಯುದ್ಧಕ್ಕೆ ಮೊದಲು ಕೇಸೊಂಗ್ ದಕ್ಷಿಣದ ಪಾಲಿನಲ್ಲಿತ್ತು. ಯುದ್ಧ ನಿಲ್ಲುವಾಗ ಗೆರೆ ಸರಿದು ಉತ್ತರಕ್ಕೆ ಸೇರಿತ್ತು. ಆಮೇಲೆ ಒಂದು ಕಾಗದವಿಲ್ಲ, ಒಂದು ಮಾತಿಲ್ಲ. ತಾಯಿ ಸಾಯುವ ತನಕ, ಎಡಗೈಯಲ್ಲಿ ಉಣ್ಣುವ ಹುಡುಗಿ, ಅಜ್ಜಿ ಹೊಡೆಯುತ್ತಾಳೋ ಏನೋ ಎನ್ನುತ್ತಿದ್ದರಂತೆ. ಗೆರೆ ಎಳೆಯುವವರ ವಿಚಾರ ನನಗೂ ಗೊತ್ತು. ನಾನು ತೊಟ್ಟಿಲಲ್ಲಿದ್ದಾಗ ನಮ್ಮ ಊರು ಕೇರಳಕ್ಕೆ ಹೋಯಿತು. ಆದರೆ ಮಂಗಳೂರಿನ ಬಸ್ಸು ಮರುದಿನವೂ ಬಂತು.

ನೂನಾಗೆ ಬೇಕಾದದ್ದು ಒಂದೇ: ಅಕ್ಕ ಇದ್ದಾಳೋ ಇಲ್ಲವೋ. ಅಜ್ಜಿಯ ಮನೆಯಿದ್ದ ಓಣಿ ರಿಗೆ ಗೊತ್ತಿತ್ತು. ಊರಿಗೆ ಹೋಗುವವರ ಬಾಯಲ್ಲಿ ಹೆಂಡತಿಗೆ ಹೇಳಿ ಕಳಿಸಿ, ಅಲ್ಲಿ ಕೇಳಿಸುತ್ತೇನೆ ಎಂದು ಅವನು ಮಾತು ಕೊಟ್ಟ.

"ಬಟ್," ಎಂದರು ನೂನಾ, "ಗುರುವಾರ ಚೋಗೆ ದೋಸೆ ನಿಧಾನ ಮಾಡು. ಒಂದು ತಿಂದ ಮೇಲೆ ಇನ್ನೊಂದು. ನಿನ್ನ ಕಾವಲಿ ಇವತ್ತು ಬಿಸಿಯಾಗಿಲ್ಲ ಅನ್ನು."

ಮೂವತ್ತು ವರ್ಷ ಕಾವಲಿಯ ಮುಂದೆ ನಿಂತವನಿಗೆ ಅದೇನು ಮಹಾ. ನೀರು ಚಿಮುಕಿಸಿ ಕಾವು ಇಳಿಸುವುದು, ಉರಿ ತಗ್ಗಿಸುವುದು, ಪಲ್ಯ ಬಿಸಿಗಿಡುವುದು. ಚೋ ಚಮಚ ಹಿಡಿದು ಕಾಯುತ್ತಿದ್ದ. ಹಿಂದೆ ನೀರಿನ ಕಟ್ಟೆಯ ಹತ್ತಿರ ಅವರಿಬ್ಬರ ಮಾತು ನಡೆಯುತ್ತಿತ್ತು. ಮೊದಮೊದಲು ನೂನಾ ಪ್ರತಿ ಗುರುವಾರ ಸಂಜೆ ನನಗೆ ಎಲ್ಲ ತರ್ಜುಮೆ ಮಾಡಿ ಹೇಳುತ್ತಿದ್ದರು. ರಿ ಚಿಕ್ಕವನಿದ್ದಾಗ ಉತ್ತರದಲ್ಲೇ ಚೆನ್ನಾಗಿತ್ತಂತೆ. ದಕ್ಷಿಣದವರು ಭಿಕ್ಷುಕರು, ಅವರಿಗೆ ಅಕ್ಕಿ ಕಳಿಸಬೇಕು ಎಂದು ಶಾಲೆಯಲ್ಲಿ ಹೇಳುತ್ತಿದ್ದರಂತೆ. ಅದು ಸುಳ್ಳಲ್ಲ, ಎಂದರು ನೂನಾ. ಆಗ ಅವರು ಅಮೆರಿಕದವರ ಹಾಲುಪುಡಿ ಕುಡಿದು, ಕೂದಲಿನ ಟೋಪನ್ ಮಾಡುವ ಕಾರ್ಖಾನೆಯಲ್ಲಿ ಬೆನ್ನು ಬಗ್ಗಿಸಿದವರಂತೆ. ದಕ್ಷಿಣವನ್ನು ಮಿಲಿಟರಿಯವರು ಆಳುತ್ತಿದ್ದರು, ತುಟಿ ಬಿಚ್ಚುವ ಹಾಗಿರಲಿಲ್ಲ. ಆಮೇಲೆ ಅಲ್ಲಿ ಕಾರ್ಖಾನೆಯ ಮೇಲೆ ಕಾರ್ಖಾನೆ ಎದ್ದು, ಓಟು ಬಂತು, ಕಾರು ಬಂತು. ಉತ್ತರದಲ್ಲಿ, ರಿ ಮದುವೆಯಾದ ಹೊಸತರಲ್ಲಿ, ರೇಷನ್ ನಿಂತು ಹುಲ್ಲು ಬೇಯಿಸಿದರು. ಅದನ್ನು ಅವನು ನಗುತ್ತಾ ಹೇಳಿದನಂತೆ.

"ನಿನ್ನ ಸಂಬಳ ಎಲ್ಲಿ ಅಂದೆ. ಆಫೀಸಿನಲ್ಲಿ ಅಂದ. ಪಾಸ್‌ಪೋರ್ಟ್ ಎಲ್ಲಿ ಅಂದೆ. ಅದೂ ಆಫೀಸಿನಲ್ಲಿ. ನಮ್ಮಲ್ಲಿ ಮನೆ ಪುಕ್ಕಟೆ, ಡಾಕ್ಟರು ಪುಕ್ಕಟೆ ಅಂತಾನೆ. ಪಕ್ಕದ ಊರಿಗೆ ಹೋಗೋಕೆ ಚೀಟಿ ಬೇಕಲ್ಲ ಅಂದೆ, ತಲೆ ಬಗ್ಗಿಸಿ ಕೋಸಿನ ಎಲೆ ಬಿಡಿಸೋಕೆ ಕೂತ."

"ಸೋತ ಹಾಗಾಯ್ತು," ಎಂದೆ ನಾನು ಖುಷಿಯಿಂದ.

"ಇಲ್ಲ. ಆಮೇಲೆ ಕೇಳಿದ, ನೂನಾ, ನಿಮ್ಮ ಮಗ ವಾರಕ್ಕೆ ಎಷ್ಟು ಸಲ ನಿಮ್ಮ ಜೊತೆ ಊಟ ಮಾಡ್ತಾನೆ ಅಂತ. ಆಮೇಲೆ ಎಲೆ ಬಿಡಿಸೋಕೆ ಕೂತವಳು ನಾನು."

ನೂನಾ ಎಂದನಂತೆ. ನಾನು ಆ ಪದವನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದೆ. ಅವನು ಮೊದಲ ವಾರದಲ್ಲೇ ಎತ್ತಿಕೊಂಡಿದ್ದ.

ಸತ್ಯ ಹೇಳಿಬಿಡುತ್ತೇನೆ. ಉತ್ತರ, ದಕ್ಷಿಣ ಎಂದರೆ ಹಾವು ಮುಂಗುಸಿ ಎಂದು ಪೇಪರಿನಲ್ಲಿ ಓದಿದ್ದವನು ನಾನು. ಆ ದ್ವೇಷದ ಮೇಲೆ ಭರವಸೆ ಇಟ್ಟಿದ್ದೆ. ಒಬ್ಬರಿಗೆ ಕಾರು, ಬಂಗಲೆ, ಇನ್ನೊಬ್ಬನಿಗೆ ಕಾವಲುಗಾರ. ಇವರ ಕೊರಿಯನ್ ಮಾತಿನಲ್ಲಿ ಅರ್ಧ ಇಂಗ್ಲಿಷ್ ಪದಗಳು, ಅವನಿಗೆ ಅವು ತಿಳಿಯವು. ಆದರೂ ಹುಟ್ಟಿದಂದಿನಿಂದ ಮುಚ್ಚಿದ ಬಾಗಿಲಿನ ಎರಡು ಕಡೆ ಬೆಳೆದವರು ಒಂದು ಕೋಸಿನ ಗಡ್ಡೆಯ ಮುಂದೆ ಕೂತು ಒಂದಾದರು. ಪಕ್ಕದಲ್ಲೇ ಇದ್ದ ನಾನು ಹೊರಗಿನವನಾದೆ. ದಿನ ಕಳೆದಂತೆ ತರ್ಜುಮೆಯೂ ಕಡಿಮೆಯಾಯಿತು. "ಏನಂದ?" ಎಂದರೆ, "ಅದು ಹೇಳೋಕಾಗಲ್ಲ, ಬಟ್. ನಮ್ಮ ಭಾಷೆಯಲ್ಲೇ ನಗು ಬರೋದು," ಎನ್ನುತ್ತಿದ್ದರು.

ಕೇಸೊಂಗ್‌ನಲ್ಲಿ ಕಿಮ್ಚಿಯನ್ನು ದೊಡ್ಡ ಎಲೆಯೊಳಗೆ ಪೊಟ್ಟಣ ಕಟ್ಟುತ್ತಾರೆ. ನೂನಾಗೆ ತಾಯಿಯ ಆ ಕೈಗುಣ ಯಾವತ್ತೂ ಕೂಡಿಬಂದಿರಲಿಲ್ಲ. ಒಂದು ಗುರುವಾರ ರಿ ಕಟ್ಟಿ ತೋರಿಸಿದ. ನೂನಾ ಒಂದನ್ನು ಬಿಚ್ಚಿ, ಒಂದು ತುತ್ತು ಸುತ್ತಿ, ಅವನ ಬಾಯಿಗೆ ಇಟ್ಟರು. ಅವನು ಹಕ್ಕಿಮರಿಯ ಹಾಗೆ ಬಾಯಿ ತೆರೆದ. ನಾನು ಸೌಟು ಹಿಡಿದು ನೋಡುತ್ತಿದ್ದೆ. ನಾನಾಗಿಯೇ ಬೇಡ ಎಂದದ್ದು ಇನ್ನೊಬ್ಬನಿಗೆ ಸಿಕ್ಕಾಗ ಹೊಟ್ಟೆಯಲ್ಲಿ ಎಂಥ ಉರಿ ಏಳುತ್ತದೆ ಎಂಬುದು ಅನುಭವಿಸಿದವನಿಗೇ ಗೊತ್ತು.

ಆವತ್ತಿನಿಂದ ನನ್ನ ದೋಸೆಗೆ ವೇಗ ಬಂತು. ಎರಡು ಕಾವಲಿ ಇಟ್ಟೆ. ಚೋ ಒಂದು ಮುಗಿಸುವಷ್ಟರಲ್ಲಿ ಇನ್ನೊಂದು ತಟ್ಟೆಗೆ ಬೀಳುತ್ತಿತ್ತು. ಮೈಸೂರಿನ ಸಾಫ್ಟ್‌ವೇರ್ ಹುಡುಗ ಪ್ರಕಾಶ ನನ್ನ ಖಾಯಂ ಗಿರಾಕಿ. ಅವನು, "ಏನ್ ಭಟ್ರೇ, ಇವತ್ತು ದೋಸೆ ಎಕ್ಸ್‌ಪ್ರೆಸ್ ಟ್ರೇನ್ ಥರ ಬರ್ತಿದೆ? ಗುರುವಾರ ಮಾತ್ರನಾ ಈ ಸರ್ವಿಸು?" ಎಂದ.

"ನಿನ್ನದು ತಿಂದು ಏಳು ಮಾರಾಯ," ಎಂದೆ.

"ಕೋಪ ಯಾಕೆ? ನಿಮ್ ಕೊರಿಯಾ ಅಕ್ಕ ಬೇರೆ ತಮ್ಮನ್ನ ಮಾಡ್ಕೊಂಡ್ರಾ?"

ಅವನು ತಮಾಷೆಗೆ ಅಂದದ್ದು. ನಾನು ಅವನಿಗೆ ಆವತ್ತು ಚಟ್ನಿ ಎರಡನೆಯ ಸಲ ಹಾಕಲಿಲ್ಲ.

ಹೊಸ ವರ್ಷ ಬಂತು. ಚೀನೀಯರ ಹಬ್ಬದ ಕೆಂಪು ಲಾಟೀನುಗಳನ್ನು ಇನ್ನೂ ಇಳಿಸಿರಲಿಲ್ಲ. ನನಗೆ ಒಂದು ವಾರ ಜ್ವರ ಬಂದು, ಅಂಗಡಿ ತೆರೆದ ಮೊದಲ ದಿನ. ನೂನಾ ಮೊಮ್ಮಗಳನ್ನು ಬೀಳ್ಕೊಡಲು ಏರ್‌ಪೋರ್ಟಿಗೆ ಹೋಗಿದ್ದರು. ಗುರುವಾರವಲ್ಲದಿದ್ದರೂ ರಿ ಬಂದ. ಚೋ ವ್ಯಾನಿನಲ್ಲೇ ಕೂತು ಫೋನಿನಲ್ಲಿ ಯಾರಿಗೋ ಉತ್ತರ ಕೊಡುತ್ತಿದ್ದ. ರಿ ನೂನಾರ ಮುಚ್ಚಿದ ಅಂಗಡಿ ನೋಡಿ, ನನ್ನ ಮುಂದೆ ಬಂದು ನಿಂತ. ಅವನಿಗೆ ಮಲಯದ ಹತ್ತಿಪ್ಪತ್ತು ಪದ ಬರುತ್ತಿತ್ತು.

"ಕಾಕಾಕ್," ಎಂದ. ಅಕ್ಕ. ನೂನಾರ ಅಂಗಡಿಯತ್ತ ಕೈ ತೋರಿಸಿದ. "ಹಿಡುಪ್." ಬದುಕಿದ್ದಾಳೆ. ನನ್ನ ಸೌಟನ್ನು ತೆಗೆದುಕೊಂಡು ಬಲಗೈಯಿಂದ ಎಡಗೈಗೆ ದಾಟಿಸಿ, ಉಣ್ಣುವಂತೆ ಬಾಯಿಗೆ ತಂದು ತೋರಿಸಿದ. ಆಮೇಲೆ "ಅನಾಕ್" ಎಂದು ಮೂರು ಬೆರಳು ಎತ್ತಿದ: ಮೂವರು ಮಕ್ಕಳು. ಹೇಳು, ಹೇಳು, ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಹೇಳುತ್ತೇನೆಂದು ತಲೆಯಾಡಿಸಿದೆ. ನನಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಹೇಳುವ ದಾರಿಯನ್ನೂ ಅವನು ನನಗೆ ಉಳಿಸಿರಲಿಲ್ಲ.

ಮರುದಿನ ನೂನಾ ಬಂದರು. ಚೀಲ ಕೆಳಗಿಡುವ ಮೊದಲೇ, "ರಿ ಬಂದಿದ್ದನಾ?" ಎಂದು ಕೇಳಿದರು. ನನಗೆ ಜ್ವರ ಹೇಗಿದೆ ಎಂದು ಕೇಳಲಿಲ್ಲ. ಒಂದು ವಾರ ಮುಚ್ಚಿದ್ದ ನನ್ನ ಅಂಗಡಿ ಅವರ ಕಣ್ಣಿಗೆ ಬಿದ್ದಿರಲೇ ಇಲ್ಲವೋ ಏನೋ.

"ಬಂದಿದ್ದ," ಎಂದೆ.

"ಏನಾದ್ರೂ ಹೇಳಿದನಾ?"

"ಏನಿಲ್ಲ. ಕೋಸು ತಕೊಂಡು ಹೋದ."

ನಾಳೆ ಹೇಳಿದರಾಯಿತು, ಒಂದು ದಿನ ಉರಿಯಲಿ, ಎಂದುಕೊಂಡಿದ್ದೆ. ಅಷ್ಟೇ. ಕೊಲ್ಲಬೇಕೆಂದು ಯಾರೂ ಹೊರಡುವುದಿಲ್ಲ. ಆ ವಾರವೇ, ಉತ್ತರದ ನಾಯಕರ ಮನೆತನದವನೊಬ್ಬ ಇಲ್ಲಿನ ಏರ್‌ಪೋರ್ಟಿನಲ್ಲಿ ಸತ್ತ ವಿಷಯಕ್ಕೆ, ಮಲೇಷ್ಯಾಕ್ಕೂ ಉತ್ತರದವರಿಗೂ ಮಾತು ಕೆಟ್ಟಿತು. ಟಿವಿಯಲ್ಲಿ ದಿನವಿಡೀ ಅದೇ. ಅವರ ಹೋಟೆಲಿನ ಬಾಗಿಲು ಮುಚ್ಚಿತು. ವ್ಯಾನು ಮತ್ತೆ ಬರಲಿಲ್ಲ. ನೂನಾ ಗುರುವಾರಗಳಲ್ಲಿ ನೀರಿನ ಕಟ್ಟೆಯ ಹತ್ತಿರ ಸ್ಟೂಲು ಹಾಕಿ ಕೂರುತ್ತಿದ್ದರು. ಮೊದಲ ದಿನ ಹೇಳದ ಮಾತು ಎರಡನೆಯ ದಿನಕ್ಕೆ ಸುಳ್ಳಾಗಿತ್ತು, ತಿಂಗಳು ಕಳೆಯುವಾಗ ಬಾಯಿ ತೆರೆಯಲಾರದಷ್ಟು ಭಾರವಾಗಿತ್ತು. ಇದರ ನಡುವೆ ನನಗೆ ಇನ್ನೊಂದೂ ಆಗಿತ್ತು, ಅದನ್ನೂ ಹೇಳಬೇಕು: ಅವನು ಹೋದದ್ದಕ್ಕೆ ಸಂತೋಷವಾಗಿತ್ತು.

ಆ ವರ್ಷ ಅವರ ಹುಣ್ಣಿಮೆಯ ಹಬ್ಬ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ ಅದು. ನೂನಾ ಹೇಳಿದರು: "ರಿ ಕೇಳಿಸಿರ್ತಾನೆ, ಬಟ್. ಅವನು ಮಾತು ತಪ್ಪುವವನಲ್ಲ. ಸತ್ತಿದ್ದಾಳೆ ಅಂತ ನನಗೆ ಹೇಳೋಕಾಗದೆ ಹೋದ. ಇಷ್ಟು ವರ್ಷ ಅಕ್ಕನಿಗೆ ಒಂದು ಬಟ್ಟಲು ಅನ್ನ ಇಡಲಿಲ್ಲ ನಾನು. ಈ ಸಲ ಇಡ್ತೇನೆ. ನಿಮ್ಮಲ್ಲಿ ಸತ್ತವರಿಗೆ ಮಾಡುವ ಸಿಹಿ ಅಂತ ಹೇಳಿದ್ದೆಯಲ್ಲ, ಅದನ್ನ ಮಾಡಿಕೊಡು."

ತಿಥಿ ಅಡುಗೆಯಿಂದ ಹೊಟ್ಟೆ ಹೊರೆದವನು ನಾನು. ಬದುಕಿರುವವರ ಹೆಸರಿನಲ್ಲಿ ಎಡೆ ಇಡುವುದೆಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಬಿಟ್ಟು ಹೋದ ಮಗನಿಗೆ ಸಿಟ್ಟಿನಲ್ಲಿ ತಿಥಿ ಮಾಡಿಸಹೊರಟ ಒಬ್ಬ ಯಜಮಾನರ ಮನೆಯಿಂದ ನನ್ನ ಚಿಕ್ಕಪ್ಪ, ಒಲೆಯ ಮೇಲಿದ್ದ ಕೊಪ್ಪರಿಗೆ ಕೆಳಗಿಳಿಸಿ, ಕೂಲಿಯನ್ನೂ ಕೇಳದೆ ಎದ್ದು ಬಂದಿದ್ದರು. ನಾನು ಅವರ ಕೈಕೆಳಗೆ ಕಲಿತವನು. ನಾನು ಹೆಸರುಬೇಳೆ ಹುರಿದೆ, ಬೆಲ್ಲ ಕರಗಿಸಿದೆ, ಕಾಯಿಹಾಲು ಹಿಂಡಿದೆ. ಪಾಯಸ ಚೆನ್ನಾಗಿಯೇ ಆಯಿತು.

ನೂನಾರ ಮನೆಯಲ್ಲಿ ಮೇಜಿನ ಮೇಲೆ ಎಲ್ಲ ಜೋಡಿಸಿದ್ದರು. ಅಕ್ಕನ ಫೋಟೊ ಇರಲಿಲ್ಲ. ಕಾಗದದಲ್ಲಿ ಹೆಸರು ಬರೆದು ನಿಲ್ಲಿಸಿದ್ದರು. ಚಮಚವನ್ನು ಬಟ್ಟಲಿನ ಎಡಕ್ಕೆ ಇಟ್ಟಿದ್ದರು. ನನ್ನ ಕಡೆ ತಿರುಗಿ, "ಅವಳು ಎಡಗೈ," ಎಂದರು. ಗೊತ್ತು ಎಂದು ಬಾಯಿಗೆ ಬಂತು, ನುಂಗಿದೆ. ಅವರು ನೆಲಕ್ಕೆ ಹಣೆ ಮುಟ್ಟಿಸಿ ಏಳುವಾಗ ಮೊಣಕಾಲು ಹಿಡಿದುಕೊಂಡಿತು. ನಾನೇ ಎತ್ತಿದೆ.

ಎಡೆಯಿಟ್ಟದ್ದನ್ನು ಮನೆಯವರು ಹಂಚಿಕೊಂಡು ಉಣ್ಣಬೇಕಂತೆ. ಮಗ ಆಫೀಸಿನ ಕೆಲಸದ ಮೇಲೆ ಸಿಂಗಾಪುರದಲ್ಲಿದ್ದ. ನೂನಾ ಒಂದು ತುತ್ತು ಅನ್ನಕ್ಕೆ ಪಾಯಸ ಬೆರೆಸಿ ನನ್ನ ಬಾಯಿಯ ಹತ್ತಿರ ತಂದರು. "ಈಗ ನನಗೆ ಇರೋದು ನೀನೇ ಲಾ," ಎಂದರು. ನಾನು ಬಾಯಿ ತೆರೆದೆ. ತಿಂಗಳುಗಟ್ಟಲೆ ಕುದಿಯುತ್ತಾ ಬಯಸಿದ್ದು ನನಗೆ ಸಿಕ್ಕಿತು. ನುಂಗಿದೆ ಕೂಡ.

ಆಮೇಲೆ ಒಂದು ದಿನ ಅವರು ಹೇಳಿದರು, ತಮ್ಮ ದೇಶದಲ್ಲಿ ಬೇರೆಯಾದ ಕುಟುಂಬದವರು ಭೇಟಿಗಾಗಿ ಹೆಸರು ಬರೆಸಿರುತ್ತಾರೆ, ಅಲ್ಲಿಂದ ತಮ್ಮ ಹೆಸರು ತೆಗೆಸಿದೆ ಎಂದು. "ಸತ್ತವಳಿಗೆ ನಾನ್ಯಾಕೆ ಸಾಲಿನಲ್ಲಿ ನಿಲ್ಲಲಿ. ಬದುಕಿರುವವರನ್ನ ಕಾಯುವವರಿಗೆ ಜಾಗ ಆಗಲಿ." ನಾನು ಹೂಂ ಎಂದು ದೋಸೆ ಹಿಟ್ಟು ತಿರುವಿದೆ. ಒಂದಷ್ಟು ಕಾಲದ ಮೇಲೆ ಎರಡೂ ಕಡೆಯ ಕೆಲವು ಮುದುಕ ಮುದುಕಿಯರನ್ನು ಕೂಡಿಸಿ ಭೇಟಿ ಮಾಡಿಸಿದ್ದನ್ನು ಟಿವಿಯಲ್ಲಿ ತೋರಿಸಿದರು. ಗಾಲಿಕುರ್ಚಿಯಲ್ಲಿ ಕೂತ ತಂಗಿಯ ಕೆನ್ನೆಯನ್ನು ಅಕ್ಕ ಸವರುತ್ತಿದ್ದಳು. ನಾನು ರಿಮೋಟು ಹುಡುಕಿದೆ.

ನೂನಾ ಮಗನ ಜೊತೆ ದಕ್ಷಿಣ ಕೊರಿಯಾದ ಇಂಚನ್‌ಗೆ ಹೋಗಿ ವರ್ಷಗಳಾದವು. ಪ್ರತಿ ಹುಣ್ಣಿಮೆಯ ಹಬ್ಬಕ್ಕೆ ಫೋನಿಗೆ ಎಡೆಯ ಫೋಟೊ ಕಳಿಸುತ್ತಾರೆ. ಎಡಕ್ಕೆ ಇಟ್ಟ ಚಮಚ ಅದರಲ್ಲಿ ಕಾಣುತ್ತದೆ. ನಾನು ಕೈ ಮುಗಿದ ಒಂದು ಚಿತ್ರ ತಿರುಗಿ ಕಳಿಸುತ್ತೇನೆ.

ಮೊನ್ನೆ ಲಿಫ್ಟಿನಿಂದ ಬಂದವನು ಇಷ್ಟನ್ನೂ ವೀಣಾಳ ಮುಂದೆ ಹೇಳಿದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನನ್ನ ಹತ್ರ ಹೇಳಿ ಎಂತ ಆಗ್ಬೇಕಪ್ಪಾ? ಅವ್ರಿಗೆ ಹೇಳಿ," ಎಂದು ವಿಡಿಯೋ ಕಾಲ್ ಹಚ್ಚಿ ಫೋನು ಕೈಗೆ ಕೊಟ್ಟು ಒಳಗೆ ಹೋದಳು.

ನೂನಾರ ಕೂದಲು ಪೂರ್ತಿ ಬಿಳಿಯಾಗಿತ್ತು. "ಬಟ್, ಮಾಕನ್ ಆಯ್ತಾ?" ಎಂದರು, ಊಟವಾಯಿತೇ ಎಂದು, ಹಿಂದಿನಂತೆಯೇ.

"ನೂನಾ," ಎಂದೆ. "ಕಾಕಾಕ್ ಹಿಡುಪ್."

ಆ ಮುಖವನ್ನು ಹೇಗೆ ಬರೆಯಲಿ. ಅವರ ಬಾಯಿ ತೆರೆದೇ ಉಳಿಯಿತು. ಕಣ್ಣು ಹುಡುಗಿಯದಾಯಿತು. "ಯಾರು ಹೇಳಿದರು? ಯಾವಾಗ ಗೊತ್ತಾಯ್ತು?" ಎಂದು ಕೇಳಿದರು. ನಿನ್ನೆ ಎನ್ನಬಹುದಿತ್ತು. ಯಾರೋ ಒಬ್ಬ ಉತ್ತರದವನು ಸಿಕ್ಕಿದ್ದ ಎನ್ನಬಹುದಿತ್ತು. ಹಾಗೆಂದಿದ್ದರೆ ಆ ಸಂತೋಷ ತಂದವನು ನಾನಾಗಿರುತ್ತಿದ್ದೆ, ರಿ ಅಲ್ಲ. ಅದೂ ಮನಸ್ಸಿಗೆ ಬಂತು.

"ರಿ ಹೇಳಿದ," ಎಂದೆ. "ನೀವು ಏರ್‌ಪೋರ್ಟಿಗೆ ಹೋಗಿದ್ದ ದಿನ. ನನ್ನ ಹತ್ರ ಹೇಳಿ ಹೋದ. ನಾನು ನಿಮಗೆ ಹೇಳಲಿಲ್ಲ."

ಅವರು ನನ್ನನ್ನೇ ನೋಡಿದರು. ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ: ಯಾವ ಹಬ್ಬ, ಯಾವ ಎಡೆ, ಯಾವ ಸಾಲು. ಯಾಕೆ ಎಂದು ಕೇಳುತ್ತಾರೆಂದು ಕಾದೆ. ಅದನ್ನು ಕೇಳಲೇ ಇಲ್ಲ.

"ಮಕ್ಕಳು?"

"ಮೂವರು."

"ಹೆಸರು?"

"ಕೇಳಲಿಲ್ಲ, ನೂನಾ."

"ಕೇಳಲಿಲ್ಲ," ಎಂದರು ಅವರೂ.

ಆಮೇಲೆ ಫೋನು ಎಲ್ಲೋ ಮೇಜಿನ ಮೇಲೆ ಮಲಗಿತು. ಪರದೆ ತುಂಬ ಅವರ ಮನೆಯ ಬಿಳಿ ಚಾವಣಿ. ನೂನಾ ಮಗನನ್ನು ಕರೆದದ್ದು ಕೇಳಿಸಿತು. ಅವನ ಹೆಜ್ಜೆ, ಸೊಸೆಯ ಸ್ವರ, ಕುರ್ಚಿ ಎಳೆದ ಸದ್ದು. ಮೂವರೂ ಒಟ್ಟಿಗೆ ಮಾತಾಡತೊಡಗಿದರು. ನೂನಾ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಆ ಭಾಷೆಯಲ್ಲಿ ನನಗೆ ಅವೆರಡೂ ಯಾವತ್ತೂ ಒಂದೇ ಥರ ಕೇಳಿಸಿದ್ದು. ಅವರು ಫೋನು ಮುಚ್ಚಲು ಮರೆತಿದ್ದರು. ನಾನೂ ಮುಚ್ಚಲಿಲ್ಲ. ಆ ಮಾತುಗಳ ನಡುವೆ ನನ್ನ ಹೆಸರು ಒಂದು ಸಲವಾದರೂ, ಬೈಗುಳದಲ್ಲಾದರೂ, ಬರುತ್ತದೆಯೋ ಎಂದು ಕಿವಿಗೊಟ್ಟು ಕೂತೆ. ಬರಲಿಲ್ಲ.